ಚೆನ್ನಬಸಪ್ಪ ಕಾಕಾನ ವೇತನಶ್ರೇಣಿ

ಚೆನ್ನಬಸಪ್ಪ ಕಾಕಾ ಯಾರನ್ನು ಕಂಡರೂ ಮೊದಲು ಅವರ ಮೂಲವೇತನ ವಿಚಾರಿಸುತ್ತಿದ್ದರು. ಆರೋಗ್ಯ ಆಮೇಲೆ. ಚಿತ್ತಾಪುರದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಮಾಸ್ತರರ ಪಗಾರದ ಬಿಲ್ಲು ಬರೆದವರು. ನಿವೃತ್ತರಾದ ಮೇಲೆ ಶಹಾಬಾದದ ನಮ್ಮ ಓಣಿಗೆ ಬಂದು ನೆಲೆಸಿ, ಸೇಡಂನಿಂದ ಚಿಂಚೋಳಿಯವರೆಗೆ ಗಂಡು-ಹೆಣ್ಣು ಕೂಡಿಸುವ ಕೆಲಸ ಹಚ್ಚಿಕೊಂಡರು. ದುಡ್ಡು ಮುಟ್ಟುತ್ತಿರಲಿಲ್ಲ, ಚಹಾ ಬಿಡುತ್ತಿರಲಿಲ್ಲ. ಅವರ ಪ್ರಕಾರ ಮದುವೆಯೂ ಒಂದು ನೇಮಕಾತಿ. ಗಂಡಿನ ವೇತನಶ್ರೇಣಿ ಹೆಣ್ಣಿನದಕ್ಕಿಂತ ಒಂದು ಮೆಟ್ಟಿಲಾದರೂ ಮೇಲಿರಬೇಕು.

ನನಗೆ ಗಂಡು ಹುಡುಕಲು ಹೊರಟಾಗ ನನ್ನ ನೌಕರಿ ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ನಾನು ಮುಂಬೈಯ ವಿಮಾ ಕಂಪನಿಯೊಂದರಲ್ಲಿ ಆಕ್ಚುರಿಯಲ್ ವಿಭಾಗದಲ್ಲಿದ್ದೇನೆ. ಜನ ಎಷ್ಟು ವರ್ಷ ಬದುಕಬಹುದು ಎಂದು ಅಂದಾಜು ಮಾಡಿ ಕಂತು ನಿಗದಿಪಡಿಸುವ ಕೆಲಸ ಎಂದು ವಿವರಿಸಿದೆ.

“ಅಂದ್ರ ಚಿತ್ರಗುಪ್ತನ ಆಫೀಸು ಅನ್ನು. ಪಗಾರ ಹ್ಯಾಂಗ?”

“ಹದಿಮೂರು ಪೇಪರ್ ಇರ್ತಾವರಿ ಕಾಕಾ. ಒಂದೊಂದು ಪಾಸಾದಂಗ ಪಗಾರ ಏರತದ.”

“ಮತ್ತ ಸರ್ವೀಸು?”

ಅನುಭವಕ್ಕೂ ಬೆಲೆಯಿದೆ, ಆದರೆ ಪೇಪರ್ ನಿಂತರೆ ಪಗಾರವೂ ಹೆಚ್ಚುಕಡಿಮೆ ನಿಲ್ಲುತ್ತದೆ ಎಂದೆ. ಹತ್ತು ವರ್ಷ ದುಡಿದು ಮೂರೇ ಪೇಪರ್ ಮುಗಿಸಿದವರೊಬ್ಬರಿಗೆ ನನಗಿಂತ ಕಡಿಮೆ ಪಗಾರ. ಇನ್ನೊಬ್ಬ ಕಾಲೇಜಿನಲ್ಲೇ ಆರು ಪೇಪರ್ ಮುಗಿಸಿದ್ದಾನೆ, ಅನುಭವವಿಲ್ಲವೆಂದು ಅವನಿಗೆ ನೌಕರಿಯೇ ಸಿಗುತ್ತಿಲ್ಲ. ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು.

“ಹಿರಿತನಕ್ಕ ಇಜ್ಜತ್ತೇ ಇಲ್ಲಂದಂಗಾತು. ನಮ್ಮಲ್ಲಿ ಕುರ್ಚಿ ಮ್ಯಾಲ ನಿದ್ದಿ ಮಾಡಿದ್ರೂ ವರ್ಷಕ್ಕೊಂದು ಇನ್‌ಕ್ರಿಮೆಂಟ್ ತಾನೇ ಬರ್ತಿತ್ತು.”

ಇದನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

ನನ್ನ ಬಯೋಡಾಟಾದಲ್ಲಿ ‘ಹದಿಮೂರರಲ್ಲಿ ಐದು ಪಾಸ್’ ಎಂದು ದುಂಡಗೆ ಬರೆದರು. ಅದೇ ಮುಳುವಾಯಿತು. ಸುಲೇಪೇಟದ ಗಂಡಿನ ಮನೆಯವರು ಓದಿ, “ಎಂಟು ವಿಷಯದಾಗ ಫೇಲಾದ ಹುಡುಗಿ ನಮಗ ಬ್ಯಾಡರಿ” ಎಂದು ಹೇಳಿ ಕಳಿಸಿದರು. ನಮ್ಮ ಕಡೆ ಉಳಿದ ಪೇಪರ್ ಎಂದರೆ ಡುಮ್ಕಿ ಹೊಡೆದದ್ದು ಎಂದೇ ಅರ್ಥ. ಕಾಕಾ ಎರಡು ಬಸ್ಸು ಬದಲಿಸಿ ಹೋಗಿ ತಿಳಿಹೇಳಿದರು. ಅವರಿಗೆ ಅರ್ಥವಾಯಿತು. ಆಗ ಗಂಡಿನ ತಂದೆ, “ಹಂಗಾದ್ರ ಆ ಎಂಟೂ ಪಾಸಾದ್ರ ನಮ್ಮ ಹುಡುಗನ ಗತಿ ಏನರಿ?” ಎಂದರಂತೆ. ಫೇಲಾಗಿದ್ದಾಳೆಂದು ಬೇಡವಾಗಿದ್ದವಳು ಪಾಸಾಗುತ್ತಾಳೆಂದು ಬೇಡವಾದೆ.

ಆರನೆಯ ಪೇಪರ್ ಪಾಸಾದಾಗ ಪೇಡೆ ಕೊಡಲು ಹೋದೆ. ಕಾಕಾ ಪೇಡೆ ಬಾಯಿಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟರು. “ಇವತ್ತ ಮತ್ತ ಇಬ್ರು ಗಂಡುಗೋಳು ಕೈಬಿಟ್ಟು ಹೋದ್ರಲ್ಲ ತಾಯಿ.”

ಕೊನೆಗೆ ಸೇಡಂನ ಎಂಜಿನಿಯರ್ ಒಬ್ಬ ಸಿಕ್ಕ. ಹತ್ತು ವರ್ಷದ ಅನುಭವ, ಪಗಾರ ನನ್ನದಕ್ಕಿಂತ ಕೂದಲೆಳೆಯಷ್ಟು ಮೇಲೆ. ಅವರು ನೋಡಲು ಬರುವುದಾಗಿ ಹೇಳಿದ ದಿನವೇ ಮುಂಬೈಯಲ್ಲಿ ನನ್ನ ಏಳನೆಯ ಪೇಪರ್. ದಿನ ಬದಲಿಸಿ ಎಂದು ಅವರನ್ನು ಕೇಳುವ ಯೋಚನೆ ಕಾಕಾಗೆ ಹೊಳೆಯಲೇ ಇಲ್ಲ.

“ಮೊದ್ಲೇ ಅವರು ‘ಹುಡುಗಿ ಪಗಾರ ಇನ್ನೂ ಏರತದೇನು’ ಅಂತ ಕೇಳಾಕತ್ತಾರ. ಒಂದು ಪೇಪರ್ ಬಿಟ್ರ ಏನಾಗ್ತದ? ಪೇಪರ್ ಮುಂದಿನ ಸಲ ಬರೀಲಿಕ್ಕ ಬರ್ತದ. ಗಂಡು ಮುಂದಿನ ಸಲ ಬರೂದಿಲ್ಲ.”

ಅಪ್ಪನೂ ಹೂಂಗುಟ್ಟಿದ. ನನಗೆ ಮೈಯೆಲ್ಲ ಉರಿಯಿತು. “ನಾ ಹೋಗಾಕೀನೇರಿ ಕಾಕಾ. ಬಂದವರ ಮುಂದ ಚಹಾ ಹಿಡಕೊಂಡು ನೀವೇ ನಿಂದರ್ರಿ,” ಎಂದು ಹೇಳಿ ಒಳಗೆ ಹೋದೆ. ಅವರೆದುರು ಅಂಥ ಮಾತು ಎಂದೂ ಆಡಿದವಳಲ್ಲ.

ಮುಂಬೈ ಗಾಡಿ ಹಿಡಿಯಲು ವಾಡಿ ಸ್ಟೇಷನ್ನಿಗೆ ಹೋದರೆ ಕಾಕಾ ಅಲ್ಲಿ ಬಂದು ಕೂತಿದ್ದರು. ತಡೆಯಲು ಬಂದಿದ್ದಾರೆಂದು ಮುಖ ತಿರುಗಿಸಿದೆ. ಅವರು ಪಕ್ಕಕ್ಕೆ ಬಂದು, ಹಳಿಯ ಕಡೆ ನೋಡುತ್ತಲೇ ಮಾತಾಡಿದರು.

“ಸೇಡಂದವರಿಗೆ ಬರಬ್ಯಾಡ್ರಿ ಅಂತ ಹೇಳೀನಿ. ನಮ್ಮ ಮಹಾದೇವಿ ಎಸ್ಸೆಸ್ಸೆಲ್ಸಿ ಕುಂತಾಗ, ಒಂದು ಪೇಪರ್ ಇದ್ದ ದಿನಾನೇ ಬೀಗರು ನೋಡ್ಲಿಕ್ಕ ಬಂದಿದ್ರು. ಒಂದು ಪೇಪರ್ ಬಿಟ್ರ ಏನಾಗ್ತದ ಅಂತ ಆಕಿಗೂ ನಾನೇ ಅಂದಿದ್ದೆ. ಲಗ್ನ ಆತು. ಮುಂದ ಆಕಿ ಬರೀಲೇ ಇಲ್ಲ.”

ತಾಲೂಕಿನ ಮಾಸ್ತರರ ಇನ್‌ಕ್ರಿಮೆಂಟನ್ನು ಒಂದು ದಿನವೂ ತಡ ಮಾಡದಿದ್ದ ಮನುಷ್ಯ ಸ್ವಂತ ಮಗಳನ್ನು ಪರೀಕ್ಷೆಯ ದಿನ ಸೀರೆ ಉಡಿಸಿ ಕೂರಿಸಿದ್ದರು. ಬೈಯಬೇಕೆನಿಸಿತು, ಕನಿಕರವೂ ಆಯಿತು. ಗಾಡಿ ಬಂತು. ನನ್ನ ಚೀಲ ಒಳಗೆ ಇಟ್ಟು, “ಹಾಲ್ ಟಿಕೆಟ್ ಇಟ್ಕೊಂಡೀಯಿಲ್ಲ?” ಎಂದರು. ಅದೇ ನಮ್ಮ ಕೊನೆಯ ಭೇಟಿ.

ಫಲಿತಾಂಶ ಬರುವ ಮೊದಲೇ ಕಾಕಾ ತೀರಿಕೊಂಡರು. ಪೇಪರ್ ಪಾಸಾಯಿತು, ಪಗಾರ ಏರಿತು. ಆ ಸುದ್ದಿಗೆ ಕುಣಿಯಬೇಕೋ ನಿಟ್ಟುಸಿರು ಬಿಡಬೇಕೋ ಎಂದು ಒದ್ದಾಡುವವರು ಇರಲಿಲ್ಲ. ಗಂಡನ ಊರಾದ ಆಡಕಿಯಲ್ಲಿರುವ ಮಹಾದೇವಿ ಅಕ್ಕನಿಗೆ ಫೋನ್ ಮಾಡಿದೆ. ಪಾಸಾದದ್ದನ್ನೂ ಹೇಳಿದೆ, ವಾಡಿಯಲ್ಲಿ ಅವಳಪ್ಪ ಆಡಿದ ಮಾತನ್ನೂ ಹೇಳಿದೆ.

“ಅವತ್ತ ಗಣಿತದ ಪೇಪರ್ ಇತ್ತು, ತಂಗಿ,” ಎಂದಳು. “ನಂಗ ಗಣಿತಾ ಭಾಳ ಚೊಲೋ ಬರ್ತಿತ್ತು.”