ಅಜ್ಜಿಯ ಸೌಟು, ಗೀಜಗದ ಮರ

ಕಾದ ಎಣ್ಣೆಗೆ ಬೆಳ್ಳುಳ್ಳಿ ಬಿದ್ದು ಚುಂಯ್ ಎಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಗೀಜಗಗಳ ಗಲಾಟೆ ಕೇಳಿಸುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವರಿಗೆ ಇದು ಅರ್ಧವಾದರೂ ಅರ್ಥವಾದೀತು. ಹುಳ ಮೇಯುವಷ್ಟು ದಿನ ನಮ್ಮಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ. ಘಾಟು ತಗುಲಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ, ಕೈಗೆ ಬಂದ ಬೆಳೆ ತಿಪ್ಪೆಗೆ ಹೋಗುತ್ತದೆ ಎಂಬ ಭಯ. ಸಪ್ಪೆ ಸಾರು, ಬಿಸಿ ಮುದ್ದೆ, ಅಷ್ಟೇ ಊಟ. ಚಿಕ್ಕಪ್ಪ ಒಂದು ಬೀಡಿ ಸೇದಬೇಕೆಂದರೂ ಹೊಲದ ಬದುವಿನವರೆಗೆ ನಡೆಯುತ್ತಿದ್ದರು.

ಹುಳದ ಮನೆಯ ಹಿಂದೆ ಹಿತ್ತಿಲು, ಅದರಾಚೆ ಬಾವಿ. ಬಾವಿಯ ಮೇಲಕ್ಕೆ ಬಾಗಿದ ಈಚಲು ಮರದ ತುಂಬ ಗೀಜಗದ ಗೂಡುಗಳು ತೂಗುತ್ತಿದ್ದವು. ಬೆಳಗಾದರೆ ಅಜ್ಜಿ ಒರಳುಕಲ್ಲಿನ ಪಕ್ಕ ಕೂತು ನುಚ್ಚು ಚೆಲ್ಲುವಳು. ಗುಬ್ಬಿ, ಬೆಳವ, ಗೊರವಂಕ ಎಲ್ಲ ಅವಳ ಸೀರೆಯ ಅಂಚಿನವರೆಗೂ ಬರುತ್ತಿದ್ದವು. ಗೊರವಂಕ ಹುಳಕ್ಕೂ ಬಾಯಿ ಹಾಕುವ ಕಳ್ಳ. ಅದನ್ನು ಬಾಯ್ತುಂಬ ಬೈಯುತ್ತಲೇ ಇನ್ನೊಂದು ಹಿಡಿ ನುಚ್ಚು ಎರಚುವಳು. ಮಳೆ ನಿಂತ ಮೇಲೆ ಹಸಿ ಮಣ್ಣಿನ ವಾಸನೆಯಲ್ಲಿ ಗೀಜಗಗಳು ಹುಲ್ಲಿನ ಎಳೆ ಕಚ್ಚಿಕೊಂಡು ಹಾರುವುದನ್ನು ನೋಡುತ್ತ ನಾನೂ ಅವಳ ಪಕ್ಕ ಕೂತಿರುತ್ತಿದ್ದೆ.

ಎತ್ತು ಹೂಡಿ ನೀರೆತ್ತುವ ಕಪಿಲೆ ಹೋಗಿ ಬಾವಿಗೆ ಕರೆಂಟ್ ಮೋಟರ್ ಬಂದ ವರ್ಷ, ತಂತಿಗೆ ಅಡ್ಡ ಎಂದು ಚಿಕ್ಕಪ್ಪ ಆ ಈಚಲು ಕಡಿಸಲು ಹೊರಟರು. ಗೂಡುಗಳಲ್ಲಿ ಮರಿಗಳಿದ್ದವು. ಅಜ್ಜಿ ಹೇಳಿದಳು, ಬೇಡಿದಳು. ಚಿಕ್ಕಪ್ಪ ಕೇಳಲಿಲ್ಲ. ಕೊಡಲಿ ಹಿಡಿದ ಆಳುಗಳು ಬಂದೇ ಬಿಟ್ಟರು. ಒಳಗೆ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ಮೇಯುತ್ತಿತ್ತು. ಅಜ್ಜಿ ಅಡುಗೆಮನೆಗೆ ಹೋಗಿ ಒಗ್ಗರಣೆ ಸೌಟು ತಂದಳು. ಹುಳದ ಮನೆಯ ಬಾಗಿಲಲ್ಲೇ ಮೂರು ಕಲ್ಲು ಹೂಡಿ, ಹೊಗೆಯಿಲ್ಲದ ಕೆಂಡ ಹಾಕಿ, ಅದನ್ನು ಕಾಯಲಿಟ್ಟಳು. ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ.

"ಅಮ್ಮಾ! ಏನ್ ಮಾಡ್ತಿದ್ದೀಯ? ಹುಳ ಸತ್ತೋಯ್ತವೆ!" ಚಿಕ್ಕಪ್ಪ ಕೂಗಿದರು.

"ಏಮಿರಾ, ನಿನ್ನ ಹುಳ ಸಾಯಬಾರ್ದು, ಆ ಮರಿಗಳು ಸಾಯಬೌದಾ? ಮರಕ್ಕೆ ಒಂದೇಟು ಬೀಳ್ಲಿ, ಇದು ಸೌಟಿಗೆ ಬೀಳ್ತದೆ."

ಆಳುಗಳು ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಸೌಟು ನೋಡಿದರು. ಕೊಡಲಿ ಕೆಳಗಿಳಿಯಿತು. ಮರುದಿನ ಕಂಬವನ್ನು ಬಾವಿಯ ಆ ಕಡೆ ನೆಟ್ಟು, ತಂತಿಯನ್ನು ಸುತ್ತಿಸಿ ತಂದರು.

ಎಲ್ಲರೂ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ: "ನಿಜವಾಗ್ಲೂ ಹಾಕ್ಬಿಡ್ತಿದ್ಯಾ ಅಜ್ಜಿ?"

ಅಜ್ಜಿ ಸೌಟನ್ನು ದಾಸವಾಳದ ಬುಡಕ್ಕೆ ಬಗ್ಗಿಸಿದಳು. "ಎಣ್ಣೆ ಎಲ್ಲೈತೆ? ಬರೀ ನೀರು ಕಣಮ್ಮ. ಆ ಹುಳಾನೂ ನಾನೇ ಸಾಕಿದ್ದಲ್ವಾ?"

ಈಗ ಆ ಅಜ್ಜಿಯಿಲ್ಲ, ಚಿಕ್ಕಪ್ಪನೂ ಇಲ್ಲ. ಹುಳದ ಮನೆ ಬಿದ್ದುಹೋಯಿತು, ಬಾವಿ ಮುಚ್ಚಿದರು. ಈಚಲು ಮಾತ್ರ ಯಾರ ಕೊಡಲಿಗೂ ಸಿಗದೆ, ತನ್ನ ಮುಪ್ಪಿನಿಂದ ಒರಗಿತು ಎಂದು ಕೇಳಿದ್ದೇನೆ. ನೆನೆದರೆ ಹೆಮ್ಮೆಯಾಗುತ್ತದೆ. ನನ್ನ ಹಿತ್ತಿಲಿನ ದಾಳಿಂಬೆ ಗಿಡದಲ್ಲಿ ಈ ವರ್ಷ ಪಿಕಳಾರ ಗೂಡು ಕಟ್ಟಿದೆ. ಕಸ ಬೀಳುತ್ತದೆ, ಗಿಡ ಕಡಿಸಿ ಎಂದು ಪಕ್ಕದ ಮನೆಯವರು ಎರಡು ಸಲ ಹೇಳಿ ಹೋಗಿದ್ದಾರೆ. ಇನ್ನೊಂದು ಸಲ ಬರಲಿ. ಅಜ್ಜಿಯ ಸೌಟು ನನ್ನ ಹತ್ತಿರವೇ ಇದೆ, ಮತ್ತು ನಾನು ಅದಕ್ಕೆ ನೀರು ಹಾಕುವವಳಲ್ಲ.