ಹೋತದ ಹಗ್ಗ

ನಮ್ಮ ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿದ ಹೋತವನ್ನು ನೀವೊಮ್ಮೆ ನೋಡಬೇಕಿತ್ತು, ಗೆಳೆಯರೆ: ಅಗಲವಾದ ಎದೆ, ಇಳಿಬಿದ್ದ ಬಿಳಿ ಕಿವಿ, ಊರ ಪಂಚರ ಗತ್ತು. ಘೋಡಗೇರಿಯಲ್ಲಿ ಅಂಥದ್ದು ಇನ್ನೊಂದಿಲ್ಲವೆಂದು ಬೀಗಿ, ಆ ಚೆಲುವು ನಮ್ಮ ಹಿಂಡು ಬಿಟ್ಟು ಹೋಗದಿರಲೆಂದು, ಅದರ ಹೆಣ್ಣುಮರಿಗಳು ಬೆಳೆದು ದೊಡ್ಡವಾದ ಮೇಲೂ ಅದನ್ನೇ ಇಟ್ಟುಕೊಂಡೆ. ಮೊದಮೊದಲು ಎಲ್ಲ ಮರಿಗಳಿಗೂ ಅದೇ ಕಿವಿ, ಅದೇ ಎದೆ ಬಂದಾಗ ಹಿಗ್ಗಿದ್ದೇ ಹಿಗ್ಗಿದ್ದು. ಆಮೇಲೆ ಅದರ ಹೆಣ್ಣುಮರಿಗಳಿಗೇ ಅದರಿಂದ ಹುಟ್ಟಿದವು ಕಿವಿಯಲ್ಲಿ ಅಪ್ಪನಂತೆಯೇ ಇದ್ದರೂ ಕಾಲೂರಿ ನಿಲ್ಲಲಾರದೆ ಸತ್ತವು.

ಗೋವಿನಜೋಳದ ಬೀಜ ಮಾಡುವವರಿಗೆ ಇದು ಹೊಸದಲ್ಲ. ಗಿಡದ ಪರಾಗವನ್ನು ಅದರ ತೆನೆಗೇ ಉದುರಿಸಿ, ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಬೆಳೆಸಿ ತಳಿಯನ್ನು ಶುದ್ಧ ಮಾಡುತ್ತಾರೆ. ಬೇಕಾದ ಗುಣ ನೆಲೆನಿಲ್ಲುತ್ತದೆ, ಗಿಡ ಮಾತ್ರ ಸೊರಗುತ್ತದೆ. ಕಡೆಗೆ ಅದನ್ನು ದೂರದ ಇನ್ನೊಂದು ತಳಿಯೊಂದಿಗೆ ಕೂಡಿಸಿದಾಗಲೇ ಆಳೆತ್ತರದ ಬೆಳೆ. ಒಳಗಿನ ನಂಟಿಗೂ ಬೆಲೆಯುಂಟು, ಆದರೆ ಅದು ಅಲ್ಲಿಗೇ ನಿಂತುಬಿಡಬಾರದು. ಇಷ್ಟೆಲ್ಲ ತಿಳಿದವನಾಗಿ ನಾನು ಬೆಲ್ಲದ ಬಾಗೇವಾಡಿಯ ಒಬ್ಬರೊಡನೆ ಹೋತ ಅದಲುಬದಲು ಮಾಡಿಕೊಳ್ಳಲು ಮಾತಾಡಿದೆ.

ಒಯ್ಯಬೇಕಾದ ದಿನವೇ ಮೂಡಲಗಿಯಿಂದ ಅಕ್ಕ ಬಂದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಅವಳ ಹಿರಿಮಗಳೇ ನನ್ನ ಹೆಂಡತಿ. ಈಗ ತನ್ನ ಕಿರಿಮಗನಿಗೆ ನನ್ನ ಮಗಳನ್ನು ಕೇಳಲು ಬಂದಿದ್ದಳು.

"ಮನಿ ಹುಡುಗಿ ಮನ್ಯಾಗ ಇರ್ತಾಳೋ ತಮ್ಮಾ. ಹೊರಗಿನವರ ಗುಣ ಯಾರಿಗ್ ಗೊತ್ತ?"

ರೂಢಿಯಂತೆ ತಲೆಯಾಡಿಸಿ ಹಿತ್ತಲಿಗೆ ಹೋದೆ. ಗೋಕಾಕದ ಕಾಲೇಜಿಗೆ ಹೊರಟಿದ್ದ ಮಗಳು ಹೋತದ ಕೊರಳು ತುರಿಸುತ್ತ ನಿಂತಿದ್ದಳು.

"ಅಪ್ಪಾ, ಇದನ್ಯಾಕ ಕೊಡಾಕತ್ತಿ?"

"ಇದರ ಹೆಣ್ಮಕ್ಳು ದೊಡ್ಡವಾಗ್ಯಾವವ್ವಾ. ಬ್ಯಾರೆ ಹಿಂಡಿನ ರಕ್ತ ಕೂಡಬೇಕು."

"ಆಡಿಗಷ್ಟ ಕೂಡಬೇಕೇನಪ್ಪಾ?"

ನಾಚಿಕೆಯಿಂದ ಮೈ ಹಿಡಿಯಾಯಿತು. ನಮ್ಮ ಮೊದಲ ಕೂಸು ತೊಟ್ಟಿಲಲ್ಲಿ ಉಳಿಯದಿದ್ದಾಗ ನಾವು ದೇವರನ್ನು ದೂರಿದೆವು. ಮರಿಗಳು ಸತ್ತಾಗ ಮಾತ್ರ ನನಗೆ ನಂಟಿನ ನೆನಪಾಯಿತು. ಕೂಸು ಯಾಕೆ ಹೋಯಿತೋ ಇಂದಿಗೂ ತಿಳಿಯದು, ಯಾರನ್ನೂ ಕೇಳುವ ಧೈರ್ಯ ಮಾಡಲಿಲ್ಲ. ಹಾಗೆಂದು ನನ್ನ ಸಂಸಾರವನ್ನು ಹಳಿಯಲು ಬಾಯಿ ಬಾರದು. ಹೆಂಡತಿಯೊಂದಿಗೆ ಸುಖವಾಗಿದ್ದೇನೆ, ಈಗ ಆ ಸುಖಕ್ಕೂ ನಾಚಿಕೆ.

ಒಳಗೆ ಹೋಗಿ ಅಕ್ಕನಿಗೆ ಈ ಸಂಬಂಧ ಬೇಡವೆಂದೆ.

"ಯಾಕೋ?"

ಸಾಕಿದವಳ ಮುಂದೆ ರಕ್ತದ ಮಾತೆತ್ತಲು ನಾಲಿಗೆ ಏಳಲಿಲ್ಲ. "ಹುಡುಗಿಗಿ ಮನಸಿಲ್ಲಕ್ಕಾ" ಎಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಮಗಳು ಒಮ್ಮೆ ನನ್ನ ಮುಖ ನೋಡಿ, "ಹೌದ ಆಯಿ, ನನಗ ಮನಸಿಲ್ಲ" ಎಂದಳು. ಅಜ್ಜಿಯ ಸಿಟ್ಟೆಲ್ಲ ಮೊಮ್ಮಗಳ ಮೇಲೆ ಹರಿಯಿತು.

ನಾನು ಹಗ್ಗ ಬಿಚ್ಚಿಕೊಂಡು ಹೊರಟೆ. ಹೋತವನ್ನು ಬದಲಿಸುವ ಕಾರಣವನ್ನು ಊರಿಗೆಲ್ಲ ಎದೆಯುಬ್ಬಿಸಿ ಹೇಳಿದ್ದೆ. ಮಗಳ ಪಾಳಿ ಬಂದಾಗ ಅವಳ ಬೆನ್ನ ಹಿಂದೆಯೇ ಅಡಗಿಕೊಂಡೆ.