ಮಣಿಕಟ್ಟಿನೊಳಗೊಂದು ಸಾವು

ನನ್ನ ಬಲಗೈ ಮಣಿಕಟ್ಟಿನೊಳಗೆ ಒಂದು ಮೂಳೆ ಸತ್ತಿದೆ ಎಂದು ಮೈಸೂರಿನ ಮೂಳೆ ಡಾಕ್ಟರು ಹೇಳಿದಾಗ ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಬೆಳಗೊಳದ ನಮ್ಮ ಮನೆಯಲ್ಲಿ ನಾಲ್ಕು ಹಸುಗಳ ಹಾಲು ಕರೆಯುವವಳು ನಾನೇ. ಬಹಳ ದಿನಗಳಿಂದ ಕೆಚ್ಚಲಿಗೆ ಕೈ ಹಾಕಿದರೆ ಮಣಿಕಟ್ಟು ಕಳಕ್ ಎನ್ನುತ್ತಿತ್ತು. ಉಳುಕಿರಬೇಕೆಂದು ಪಾಂಡವಪುರದಲ್ಲಿ ನಾಟಿ ಕಟ್ಟು ಹಾಕಿಸಿದ್ದೆ. ಆ ಕಟ್ಟಿನ ಎಣ್ಣೆಯ ವಾಸನೆಗೆ ಹಸು ಒದ್ದು ಬಕೆಟ್ಟು ಉರುಳಿತೇ ಹೊರತು ನೋವು ಇಳಿಯಲಿಲ್ಲ.

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಮಣಿಕಟ್ಟಿನ ಪುಟ್ಟ ಮೂಳೆಗಳ ನಡುವೆ ಅರ್ಧಚಂದ್ರದಂಥದ್ದೊಂದಿದೆ, ಅದಕ್ಕೆ ರಕ್ತ ಹೋಗುವುದು ನಿಂತಿದೆ. ಅಪರೂಪದ ಕಾಯಿಲೆ, ಯಾಕೆ ಬರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಮೂಳೆ ಕೊಂಚ ಉದ್ದವಾಗಿ ಅದನ್ನು ಒತ್ತುತ್ತಿದೆ. ಆ ಉದ್ದದ ಮೂಳೆಯಿಂದ ಚೂರು ಕತ್ತರಿಸಿ ಪ್ಲೇಟು ಹಾಕಿದರೆ ಭಾರ ಇಳಿದು, ಸತ್ತದ್ದಕ್ಕೆ ನಿಧಾನವಾಗಿ ರಕ್ತ ಬಂದರೂ ಬಂದೀತು.

"ಕೆಟ್ಟಿರೋದು ಒಂದು, ಕುಯ್ಯೋದು ಇನ್ನೊಂದಾ ಸಾರ್?" ಎಂದರು ನಮ್ಮವರು. ಅವರು ಕೆ.ಆರ್.ಎಸ್.ನಲ್ಲಿ ನಾಲೆಗೆ ನೀರು ಬಿಡುವ ಕೆಲಸದವರು. ಡಾಕ್ಟರು ಹೌದು ಎಂದರು.

ನಮ್ಮವರು ಮನೆಗೆ ಬಂದು ಅದೆಲ್ಲವನ್ನೂ ಅತ್ತೆಗೆ ಹೇಳಿದರು. ಅತ್ತೆಯ ಕಿವಿಗೆ ಬಿದ್ದದ್ದು ಸತ್ತಿದೆ ಎಂಬುದೊಂದೇ. "ಅಂಗಾರೆ ಮನೆಗೆ ಸೂತ್ಕ ಏನ್ಲಾ?" ಎಂದರು. ನಮ್ಮವರು ನಕ್ಕರು. ಅತ್ತೆ ನಗಲಿಲ್ಲ. ಮುಂದಿನ ವಾರ ಕೆ.ಆರ್. ಪೇಟೆಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶ, ಅವಳ ತವರಿನ ಕಡೆಯಿಂದ ಕಳಶ ಹೊರಬೇಕಾದವಳು ನಾನು. ಹೈಸ್ಕೂಲ್ ಟೀಚರಾಗಿರುವ ನಾದಿನಿ ಫೋನಿನಲ್ಲಿ ಅಮ್ಮನನ್ನು ಗದರಿದಳು. ಆಮೇಲೆ ತಾನೇ ಮತ್ತೆ ಫೋನು ಮಾಡಿ, ಯಾವುದಕ್ಕೂ ಐನೋರನ್ನ ಒಂದು ಮಾತು ಕೇಳಿಬಿಡಿ, ನಮ್ಮತ್ತೆಗೂ ಅನುಮಾನ ಬಂದಿದೆ ಎಂದಳು.

ಅಷ್ಟರಲ್ಲಿ ಹೊಣಕೆರೆಯಿಂದ ನಮ್ಮ ಮಾವನವರ ತಂಗಿ ಬಸ್ಸು ಹತ್ತಿ ಮಾತಾಡಿಸಲು ಬಂದರು. ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾವಾಗ ಓಯ್ತವ್ವ?" ಎಂದು ಕೇಳಿದರು. ವರ್ಷವಾಗಿರಬಹುದಂತೆ ಎಂದೆ. ವರ್ಷವಾಗಿದ್ದರೆ ಸೂತಕ ಕಳೆದುಹೋಗಿದೆ ಎಂದು ಅವರ ವಾದ. ಸುದ್ದಿ ಬಂದದ್ದು ಈಗಲ್ಲವಾ, ಕೇಳಿದ ದಿನದಿಂದ ಲೆಕ್ಕ ಎಂದು ಅತ್ತೆ. ನಡುವೆ ನಾನು ಕೈ ಚಾಚಿಕೊಂಡು ಕೂತಿದ್ದೆ. ಆ ಕೈಯಲ್ಲೇ ಇಬ್ಬರಿಗೂ ಕಾಫಿ ಕೊಟ್ಟೆ.

ಕೊನೆಗೆ ಶ್ರೀರಂಗಪಟ್ಟಣದ ಐನೋರ ಹತ್ತಿರ ಹೋದೆವು. ಅವರು ಪಂಚಾಂಗ ತೆರೆದು, ಯಾವ ನಕ್ಷತ್ರದಲ್ಲಿ ಹೋಯಿತು ಎಂದರು. ಗೊತ್ತಿಲ್ಲ ಎಂದೆವು. ದೇಹ ಎಲ್ಲಿದೆ ಎಂದರು. ನಾನು ಮಣಿಕಟ್ಟು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ದಹನ ಆಗದೆ ಸೂತಕ ಹೇಗೆ ಹೇಳಲಿ? ತಲೆಗೆ ಸ್ನಾನ ಮಾಡಿ ಹೋಗಿ ಬನ್ನಿ" ಎಂದು ಪಂಚಾಂಗ ಮುಚ್ಚಿ, ತಮ್ಮ ಮಂಡಿಯೂ ಮೆಟ್ಟಿಲಲ್ಲಿ ಹೀಗೇ ಕಳಕ್ ಎನ್ನುತ್ತದೆ, ಒಳಗೆ ಏನಾದರೂ ಹೋಗಿರಬಹುದಾ ಎಂದು ನಮ್ಮನ್ನೇ ಕೇಳಿದರು. ಅತ್ತೆ ಅವರಿಗೆ ಡಾಕ್ಟರ ವಿಳಾಸ ಕೊಟ್ಟರು.

ಗೃಹಪ್ರವೇಶದ ದಿನ ಕಳಶವನ್ನು ಎಡಸೊಂಟಕ್ಕೆ ಆನಿಸಿಕೊಂಡು ಬಲಗೈಯನ್ನು ಸುಮ್ಮನೆ ಮುಟ್ಟಿಸಿದ್ದೆ. ಬೀಗರೆಲ್ಲ ನನ್ನ ಮುಖ ಬಿಟ್ಟು ಮಣಿಕಟ್ಟನ್ನೇ ನೋಡುತ್ತಿದ್ದರು.

ಮುಂದಿನ ತಿಂಗಳು ಆಪರೇಷನ್ ಆಯಿತು. ಮೂಳೆ ಮೋಟು ಮಾಡಿದ್ದಾರೆಂದು ಕೇಳಿದ ಅತ್ತೆ ಟೈಲರಿಗೆ ಹೇಳಿ ನನ್ನ ಹೊಸ ರವಿಕೆಗಳ ಬಲತೋಳನ್ನು ಒಂದು ಬೆರಳು ಕಡಿಮೆ ಹೊಲಿಸಿಬಿಟ್ಟಿದ್ದರು. ಕತ್ತರಿಸಿದ್ದು ಅಕ್ಕಿಕಾಳಿನಷ್ಟು ಉದ್ದವೂ ಇರಲಿಲ್ಲ. ಹೊಲಿಗೆ ಬಿಚ್ಚಿಸಲು ಮನಸ್ಸಾಗದೆ ಹಾಗೇ ತೊಟ್ಟೆ.

ಕಟ್ಟು ಬಿಚ್ಚಿದ ಮೇಲೆ ಬೆರಳು ಮಡಿಸುವುದನ್ನು ಹೊಸದಾಗಿ ಕಲಿತೆ. ಸತ್ತ ಮೂಳೆ ಇನ್ನಷ್ಟು ಕುಸಿದಿಲ್ಲ, ಅದೇ ದೊಡ್ಡದು ಎಂದರು ಡಾಕ್ಟರು. ಮಣಿಕಟ್ಟು ಪೂರ್ತಿ ಬಾಗುವುದಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ. ಈಗ ಹಾಲು ಕರೆಯಲು ಎರಡು ಹಸು ನನ್ನವು, ಎರಡು ನಮ್ಮವರವು. ಅವರು ಕರೆಯಲು ಕೂತರೆ ಕೆಂದಹಸು ಇಂದಿಗೂ ಹಾಲು ತಡೆದುಕೊಳ್ಳುತ್ತದೆ.